ಕೈಯಾರೆ ಬರೆದ ಪಾರ್ಸರ್ ಅಪರಾಧವಲ್ಲ

ಪಾರ್ಸರನ್ನು ಕೈಯಾರೆ ಬರೆಯಬಾರದು ಎನ್ನುವುದು ಇವತ್ತು ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಯಾರೂ ಪ್ರಶ್ನೆ ಮಾಡದ ಶಾಸ್ತ್ರವಾಗಿದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಿ ಭಾಷೆಯಲ್ಲಿ ಇನ್ನೂರು ಸಾಲಿನ ಕಮ್ಯಾಂಡ್ ಪಾರ್ಸರ್ ಬರೆದು ರಿವ್ಯೂಗೆ ಇಟ್ಟರೆ, ಒಳಗೆ ಏನಿದೆ ಎಂದು ಓದುವ ಮೊದಲೇ ಮಾತು ಬೀಳುತ್ತದೆ: ‘ಇದಕ್ಕೆ ಲೈಬ್ರರಿ ಸಿಗಲಿಲ್ವಾ? ರೆಜೆಕ್ಸ್ ಹಾಕಿದ್ರೆ ಒಂದೇ ಸಾಲಲ್ಲಿ ಮುಗೀತಿತ್ತಲ್ಲ? ಸ್ಟೇಟ್ ಮಷೀನ್ ಎಲ್ಲ ಯಾಕಮ್ಮ, ಆಮೇಲೆ ಇದನ್ನ ಯಾರು ಮೇಂಟೇನ್ ಮಾಡ್ತಾರೆ?’ ಅವಳು ಬರೆದದ್ದನ್ನು ಅಳಿಸುತ್ತಾಳೆ. ಆ ಜಾಗಕ್ಕೆ ಸ್ಟ್ರ್‌ಟಾಕ್, ಎಸ್‌ಸ್ಕ್ಯಾನ್‌ಎಫ್ ಕರೆಗಳ ಸಾಲು ಬರುತ್ತದೆ. ಎಲ್ಲರೂ ಒಪ್ಪುತ್ತಾರೆ, ಕೋಡ್ ಯಂತ್ರದೊಳಕ್ಕೆ ಹೋಗುತ್ತದೆ. ಹಾಗೆ ಒಪ್ಪಿದವರು ಸರಿಯಾಗಿದ್ದ ಕೆಲಸವನ್ನು ಕಿತ್ತುಹಾಕಿ ತಪ್ಪು ಕೆಲಸಕ್ಕೆ ಸಹಿ ಮಾಡಿದ್ದಾರೆ ಎನ್ನುವುದು ನನ್ನ ವಾದ.

ನಾನು ಜಗತ್ತಿನ ಎಲ್ಲ ಪಾರ್ಸರ್‌ಗಳ ಪರವಾಗಿ ಮಾತಾಡುತ್ತಿಲ್ಲ. ತಂತಿಯ ಮೇಲೆ ಒಂದೊಂದೇ ಬೈಟ್ ಆಗಿ ಬರುವ ಆಜ್ಞೆಯನ್ನು ಓದಿ ಮೋಟರನ್ನೋ ಮೋಡೆಮನ್ನೋ ಮೀಟರನ್ನೋ ನಡೆಸುವ ಸಣ್ಣ ಪ್ರೋಗ್ರಾಮಿನ ಬಗ್ಗೆ ನನ್ನ ಮಾತು. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಸರಣಿ ಕೇಬಲ್ ಹಾಕಿಕೊಂಡು ನಿಂತ ಸಿಎನ್‌ಸಿ ಯಂತ್ರಗಳಿಂದ ಹಿಡಿದು ಬಸ್ಸಿನೊಳಗೆ ಕೂತ ಜಿಪಿಎಸ್ ಪೆಟ್ಟಿಗೆಯವರೆಗೆ ಈ ಪ್ರೋಗ್ರಾಮು ಎಲ್ಲೆಲ್ಲೂ ಇದೆ. ಇದನ್ನು ಬರೆಯುವವರಿಗೇ ‘ಬರೆಯಬೇಡಿ’ ಎಂಬ ಉಪದೇಶ ಅತಿ ಹೆಚ್ಚು ಸಿಗುತ್ತಿದೆ, ಮತ್ತು ಆ ಉಪದೇಶ ಅತ್ಯಂತ ಕಡಿಮೆ ಹೊಂದುವುದೂ ಅವರ ಕೆಲಸಕ್ಕೇ.

ಉಪದೇಶ ಎಲ್ಲಿಂದ ಬಂತು ಎಂದು ನೋಡಿ. ಸ್ಟೀಫನ್ ಜಾನ್ಸನ್ ಅವರ ಯಾಕ್, ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ ಅವರ ಲೆಕ್ಸ್ — ಎರಡರ ವರದಿಗಳೂ ಬೆಲ್ ಲ್ಯಾಬ್ಸ್‌ನಿಂದ 1975ರಲ್ಲಿ ಬಂದವು. ವ್ಯಾಕರಣವನ್ನು ಬರೆದುಕೊಟ್ಟರೆ ಸಿ ಕೋಡನ್ನು ಹೆಣೆದುಕೊಡುವ ಈ ಸಲಕರಣೆಗಳು ಕಂಪೈಲರ್ ಬರೆಯುವವರ ಕಷ್ಟ ಕಳೆಯಲು ಹುಟ್ಟಿದವು. ಕಂಪೈಲರ್ ಮುಂದೆ ಇಡೀ ಫೈಲು ಮೊದಲೇ ಸಿದ್ಧವಾಗಿ ಕೂತಿರುತ್ತದೆ. ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳಿ ನಿಲ್ಲಿಸಿದರೆ ಸಾಕು, ತಿದ್ದಲು ಮನುಷ್ಯ ಪಕ್ಕದಲ್ಲೇ ಇದ್ದಾನೆ. ಕಮ್ಯಾಂಡ್ ಪಾರ್ಸರ್‌ಗೆ ಈ ಯಾವ ಸೌಕರ್ಯವೂ ಇಲ್ಲ. ಅದರ ಕೈಗೆ ಪೂರ್ತಿ ವಾಕ್ಯ ಎಂದೂ ಸಿಗುವುದಿಲ್ಲ. ಕೇಬಲ್ ಚುಚ್ಚಿದಾಗ ಕಸದ ಬೈಟು ಬರುತ್ತದೆ, ಆಜ್ಞೆಯ ಅರ್ಧದಲ್ಲಿ ಕರೆಂಟು ಹೋಗಿ ಬರುತ್ತದೆ, ಒಂದು ಟರ್ಮಿನಲ್ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಕಳಿಸಿದರೆ ಇನ್ನೊಂದು ಲೈನ್ ಫೀಡ್ ಕಳಿಸುತ್ತದೆ, ಮತ್ತೊಂದು ಎರಡನ್ನೂ. ಈ ಎಲ್ಲದರ ನಡುವೆ ಪ್ರೋಗ್ರಾಮು ನಿಲ್ಲಬಾರದು. ಸರಿಯಾದ ಆಜ್ಞೆಯನ್ನು ಗುರುತಿಸುವುದು ಇಲ್ಲಿ ಸಣ್ಣ ಕೆಲಸ. ಅರ್ಧ ಬಂದದ್ದನ್ನು, ಕೆಟ್ಟು ಬಂದದ್ದನ್ನು ಏನು ಮಾಡಬೇಕು ಎಂದು ಮೊದಲೇ ತೀರ್ಮಾನಿಸಿ ಇಟ್ಟುಕೊಳ್ಳುವುದೇ ದೊಡ್ಡ ಕೆಲಸ.

ಹಳೆಯ, ಆದರೆ ಇನ್ನೂ ಸಾಯದ ಒಂದು ಉದಾಹರಣೆ ತೆಗೆದುಕೊಳ್ಳೋಣ. 1981ರಲ್ಲಿ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ತಂದಿತು. ‘ಎ’, ‘ಟಿ’ ಎಂಬ ಎರಡು ಅಕ್ಷರಗಳಿಂದ ಶುರುವಾಗುವ ಅದರ ಆಜ್ಞೆಗಳ ಭಾಷೆಯನ್ನೇ ಇಂದಿನ 4ಜಿ ಮಾಡ್ಯೂಲ್‌ಗಳೂ ಆಡುತ್ತವೆ. ‘ಎ’ ಬಂದ ಮೇಲೆ ‘ಟಿ’ ಬಂದರೆ ಆಜ್ಞೆ ಆರಂಭ. ‘ಎ’ ಬಂದ ಮೇಲೆ ಓರೆಗೆರೆ ಬಂದರೆ ಹಿಂದಿನ ಆಜ್ಞೆಯನ್ನು ಆ ಕ್ಷಣವೇ ಮತ್ತೆ ನಡೆಸಬೇಕು, ಸಾಲು ಮುಗಿಯಲಿ ಎಂದು ಕಾಯುವಂತಿಲ್ಲ. ಒಂದೇ ಸಾಲಿನಲ್ಲಿ ಹಲವು ಆಜ್ಞೆಗಳನ್ನು ಅಂಟಿಸಿ ಕಳಿಸಬಹುದು. ಅಂಕಿ ಬಿಟ್ಟುಹೋದರೆ ಸೊನ್ನೆ ಎಂದು ತಿಳಿಯಬೇಕು. ಸಾಲು ಮುಗಿಸುವ ಅಕ್ಷರ ಯಾವುದು ಎಂಬುದು ಎಸ್3 ಎಂಬ ರಿಜಿಸ್ಟರಿನಲ್ಲಿ ಇರುತ್ತದೆ. ಅದನ್ನು ಬಳಸುವವರು ಬದಲಾಯಿಸಿದರೆ ಭಾಷೆಯ ನಿಯಮವೇ ನಡುವೆ ಬದಲಾಗುತ್ತದೆ. ಎಲ್ಲಕ್ಕಿಂತ ಸೊಗಸಾದದ್ದು ಫೋನಿನ ಮೇಲೆ ದತ್ತಾಂಶ ಹರಿಯುತ್ತಿರುವಾಗ ಮೋಡೆಮನ್ನು ಮತ್ತೆ ಆಜ್ಞೆಗೆ ಕಿವಿಗೊಡುವಂತೆ ಮಾಡುವ ಉಪಾಯ: ಒಂದು ಸೆಕೆಂಡ್ ಮೌನ, ಆಮೇಲೆ ಮೂರು ಪ್ಲಸ್ ಗುರುತು, ಮತ್ತೆ ಒಂದು ಸೆಕೆಂಡ್ ಮೌನ. ಆ ಮೌನವೂ ವ್ಯಾಕರಣದ ಭಾಗ. ಮೌನ ಎಂಬ ಟೋಕನ್ನನ್ನು ಯಾಕ್ ಫೈಲಿನಲ್ಲಿ ಎಲ್ಲಿ ಬರೆಯುತ್ತೀರಿ? ರೆಜೆಕ್ಸ್‌ನಲ್ಲಿ ಯಾವ ಚಿಹ್ನೆ ಹಾಕುತ್ತೀರಿ? ಸ್ಟೇಟ್ ಮಷೀನಿಗೆ ಇದು ತೊಡಕೇ ಅಲ್ಲ. ಬೈಟು ಬಂದದ್ದು ಒಂದು ಘಟನೆ, ಟೈಮರ್ ಮುಗಿದದ್ದು ಇನ್ನೊಂದು ಘಟನೆ; ಎರಡಕ್ಕೂ ಇಂಥ ಸ್ಥಿತಿಯಿಂದ ಇಂಥ ಸ್ಥಿತಿಗೆ ಎಂದು ಬರೆದರೆ ಮುಗಿಯಿತು.

ತಂತಿಯ ಈ ತುದಿಯಲ್ಲಿ ಕೂತವರಿಗೂ ಇದೇ ಪಾಠ. ಜಿಎಸ್‌ಎಂ ಮಾಡ್ಯೂಲಿಗೆ ಎಸ್ಎಂಎಸ್ ಕಳಿಸುವ ಆಜ್ಞೆ ಕೊಟ್ಟರೆ ಅದು ‘ಸಂದೇಶ ಕೊಡು’ ಎನ್ನಲು ಒಂದು ಬಾಣದ ಗುರುತು ಮತ್ತು ಒಂದು ಖಾಲಿ ಜಾಗ ಕಳಿಸಿ ಸುಮ್ಮನಾಗುತ್ತದೆ. ಆ ಗುರುತಿನ ನಂತರ ಸಾಲು ಮುಗಿಯುವ ಅಕ್ಷರ ಬರುವುದೇ ಇಲ್ಲ. ಸಾಲು ಸಾಲಾಗಿ ಓದುವ ಸಿದ್ಧ ಕೋಡ್ ಅಲ್ಲಿ ಬಾರದ ಸಾಲಿಗೆ ಕಾಯುತ್ತ ಕೂರುತ್ತದೆ. ಮಾಡ್ಯೂಲ್ ಇದಕ್ಕೆ ಕಾಯುತ್ತಿದೆ, ಇದು ಮಾಡ್ಯೂಲಿಗೆ. ಕೆಲವು ತಂಡಗಳು ಇದಕ್ಕೆ ಹುಡುಕುವ ಮದ್ದು ಅರ್ಧ ಸೆಕೆಂಡಿನ ಡಿಲೇ. ಅದು ಸಾಲದೆ ಹೋದ ದಿನ ಒಂದು ಸೆಕೆಂಡ್. ಉತ್ತರದ ನಡುವೆಯೇ ಬೇರೆ ಯಾರದೋ ಕರೆ ಬಂದು ‘ರಿಂಗ್’ ಎಂಬ ಸಾಲು ತೂರಿಕೊಂಡ ದಿನ ಯಾವ ಡಿಲೇಯೂ ಕೈ ಹಿಡಿಯುವುದಿಲ್ಲ.

ಈಗ ‘ಇರುವುದನ್ನೇ ಬಳಸಿ’ ಎನ್ನುವವರು ನಿಜವಾಗಿ ಬಳಸುವುದು ಏನನ್ನು ಎಂದು ನೋಡಬೇಕು. ಇಂಥ ಸಣ್ಣ ಸಾಧನಗಳ ಕೋಡ್‌ನಲ್ಲಿ ಯಾಕ್ ಕೂಡ ಇರುವುದಿಲ್ಲ. ಇರುವುದು ಸಿ ಲೈಬ್ರರಿಯ ಮೂರು ಹಳೆಯ ಫಂಕ್ಷನ್‌ಗಳು.

ಮೊದಲನೆಯದು ಸ್ಟ್ರ್‌ಟಾಕ್. ಇದು ಕೊಟ್ಟ ಸ್ಟ್ರಿಂಗನ್ನೇ ಕಡಿದು ಹಾಳುಮಾಡುತ್ತದೆ, ತಾನು ಎಲ್ಲಿದ್ದೆ ಎಂಬುದನ್ನು ಒಳಗಿನ ಒಂದು ಸ್ಟ್ಯಾಟಿಕ್ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ಅದನ್ನು ಕರೆದರೆ ಮೊದಲಿನದರ ಗುರುತು ಅಳಿಯುತ್ತದೆ. ಇವನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಹೇಳದೆ ಬಿಡುವುದು ಇನ್ನೂ ಕೆಟ್ಟದ್ದು: ಪಕ್ಕಪಕ್ಕದ ಎರಡು ಅಲ್ಪವಿರಾಮಗಳನ್ನು ಅದು ಒಂದೇ ಎಂದು ನುಂಗುತ್ತದೆ. ಜಿಪಿಎಸ್ ರಿಸೀವರ್ ಎನ್ಎಂಇಎ 0183 ಮಾದರಿಯಲ್ಲಿ ಮಾತಾಡುತ್ತದೆ. ಉಪಗ್ರಹ ಇನ್ನೂ ಸಿಕ್ಕದಿದ್ದಾಗ ಅಕ್ಷಾಂಶ, ರೇಖಾಂಶಗಳ ಜಾಗವನ್ನು ಖಾಲಿ ಬಿಟ್ಟು ಬರೀ ಅಲ್ಪವಿರಾಮಗಳನ್ನು ಕಳಿಸುತ್ತದೆ. ಸ್ಟ್ರ್‌ಟಾಕ್ ಆ ಖಾಲಿ ಕೋಣೆಗಳನ್ನು ಎತ್ತಿ ಹಾಕುವುದರಿಂದ ಆರನೆಯ ಕೋಣೆಯದು ಎರಡನೆಯದಕ್ಕೆ ಬಂದು ಕೂರುತ್ತದೆ. ಆಕಾಶ ಕಾಣುವ ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಎಲ್ಲ ಸರಿ. ಪಾರ್ಕಿಂಗ್‌ನ ನೆಲಮಾಳಿಗೆಯಿಂದ ಹೊರಟ ವಾಹನದಲ್ಲಿ ಸ್ಥಾನ ಸಿಕ್ಕಿತೇ ಇಲ್ಲವೇ ಎಂದು ಹೇಳುವ ಅಂಕಿಯೇ ಅಕ್ಷಾಂಶವಾಗುತ್ತದೆ.

ಎರಡನೆಯದು ಎ-ಟು-ಐ. ‘ಅಂಕಿಯೇ ಇರಲಿಲ್ಲ’ ಎಂಬುದಕ್ಕೂ ‘ಸೊನ್ನೆ ಇತ್ತು’ ಎಂಬುದಕ್ಕೂ ಅದು ಕೊಡುವ ಉತ್ತರ ಒಂದೇ. ಎಟಿಮೆಗಾ328ಪಿಯಂಥ ಎಂಟು ಬಿಟ್ ಚಿಪ್‌ನಲ್ಲಿ ಇಂಟ್ ಎಂದರೆ 16 ಬಿಟ್, ಅಂದರೆ 32767ರವರೆಗೆ. ಯಾರೋ 40000 ಎಂದು ಒತ್ತಿದರೆ ಏನಾಗಬೇಕು ಎಂಬ ಬಗ್ಗೆ ಸಿ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಸಂಖ್ಯೆ ಸುತ್ತಿಕೊಂಡು ಬಂದರೆ ಕೈಗೆ ಸಿಗುವುದು -25536. ಆ ಅಂಕಿ ಹೋಗುವುದು ಮೋಟರಿಗೆ. ಮೋಟರ್ ಹಿಂದಕ್ಕೆ ತಿರುಗುತ್ತದೆ.

ಮೂರನೆಯದು ಎಸ್‌ಸ್ಕ್ಯಾನ್‌ಎಫ್. ಅದರ ಅಂಕಿ ಓದುವ ರೀತಿಗೂ ಇದೇ ರೋಗ. ಅಗಲ ಹೇಳದೆ ಪದ ಓದಿಸಿದರೆ ಬಫರ್ ಒಡೆಯುತ್ತದೆ. ಅದರ ಇನ್ನೊಂದು ಗುಣ ಲೋಕಕ್ಕೆಲ್ಲ ಗೊತ್ತಾದದ್ದು 2021ರಲ್ಲಿ. ಜಿಟಿಎ ಆನ್‌ಲೈನ್ ಎಂಬ ಆಟ ಪಿಸಿಯಲ್ಲಿ ಶುರುವಾಗಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಆಟಗಾರನೊಬ್ಬ ಕೂತು ಬಿಡಿಸಿ ನೋಡಿದಾಗ ಸಿಕ್ಕಿದ ದೊಡ್ಡ ಕಾರಣಗಳಲ್ಲೊಂದು, ಸುಮಾರು 10 ಎಂಬಿಯ ಜೇಸನ್ ಪಠ್ಯವನ್ನು ಎಸ್‌ಸ್ಕ್ಯಾನ್‌ಎಫ್‌ನಿಂದ ತುಂಡು ತುಂಡಾಗಿ ಓದುತ್ತಿದ್ದದ್ದು. ಒಂದೊಂದು ತುಂಡಿಗೂ ಆ ಫಂಕ್ಷನ್ ಉಳಿದ ಇಡೀ ಪಠ್ಯದ ಉದ್ದವನ್ನು ಮೊದಲಿನಿಂದ ಅಳೆಯುತ್ತಿತ್ತು. ಅವನು ತೋರಿಸಿಕೊಟ್ಟ ಪರಿಹಾರಗಳಿಂದ ಕಾಯುವ ಹೊತ್ತು ಸುಮಾರು ಶೇ. 70ರಷ್ಟು ಇಳಿಯಿತು, ಆಟದ ಕಂಪನಿ ಅದೇ ವರ್ಷದ ಮಾರ್ಚ್‌ನಲ್ಲಿ ತಿದ್ದುಪಡಿ ಹೊರಡಿಸಿತು. ‘ಸಿದ್ಧ ಸಾಧನ ಯಾವತ್ತೂ ವೇಗ’ ಎನ್ನುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ಇದೇ ಕೆಲಸವನ್ನು ಸ್ಟೇಟ್ ಮಷೀನ್ ಹೇಗೆ ಮಾಡುತ್ತದೆ? ಮೋಟರ್ ನಿಯಂತ್ರಕವೊಂದಕ್ಕೆ ಆಜ್ಞೆಯ ಹೆಸರು, ಖಾಲಿ ಜಾಗ, ಸಂಖ್ಯೆ, ಸಾಲಿನ ಕೊನೆ — ಇಷ್ಟು ಬರಬೇಕು ಎಂದಿಟ್ಟುಕೊಳ್ಳಿ. ಸ್ಥಿತಿಗಳು: ಶುರು, ಹೆಸರು, ಅಂತರ, ಚಿಹ್ನೆ, ಅಂಕಿ, ಬಾಲ, ತ್ಯಾಜ್ಯ. ಒಂದು ಎನಮ್, ಒಂದು ಸ್ಟ್ರಕ್ಟ್, ಒಂದು ಬೈಟ್ ತೆಗೆದುಕೊಳ್ಳುವ ಒಂದು ಫಂಕ್ಷನ್, ಅದರೊಳಗೆ ಒಂದು ಸ್ವಿಚ್. ‘ಶುರು’ವಿನಲ್ಲಿ ಸಾಲಿನ ಕೊನೆಯ ಅಕ್ಷರ ಬಂದರೆ ಏನೂ ಮಾಡಬೇಡ, ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಜಗಳ ಈ ಒಂದು ಸಾಲಿಗೆ ತೀರಿತು. ‘ಅಂಕಿ’ಯಲ್ಲಿ ಅಂಕಿ ಬಂದರೆ ಹತ್ತರಿಂದ ಗುಣಿಸುವ ಮೊದಲು ಮಿತಿ ಮೀರುತ್ತದೆಯೇ ಎಂದು ನೋಡು, ಮೀರುವುದಾದರೆ ‘ತ್ಯಾಜ್ಯ’ಕ್ಕೆ ಹೋಗು. 40000 ಅಲ್ಲೇ ಸಿಕ್ಕಿಬೀಳುತ್ತದೆ, ಐದನೆಯ ಅಂಕಿ ಬಂದ ಕ್ಷಣದಲ್ಲಿ. ‘ಹೆಸರಿ’ನಲ್ಲಿ ಬಫರ್ ತುಂಬಿದರೂ ‘ತ್ಯಾಜ್ಯ’ವೇ ಗತಿ.

ಈ ‘ತ್ಯಾಜ್ಯ’ ಎಂಬ ಸ್ಥಿತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನನ್ನ ವಾದದ ಬುಡ ಇಲ್ಲಿದೆ. ಈ ಸ್ಥಿತಿಯಲ್ಲಿ ಪಾರ್ಸರ್ ಸಾಲಿನ ಕೊನೆ ಸಿಗುವವರೆಗೆ ಬಂದದ್ದನ್ನೆಲ್ಲ ಎಸೆಯುತ್ತದೆ, ಕೊನೆ ಸಿಕ್ಕಿದ ಮೇಲೆ ‘ತಪ್ಪು’ ಎಂದು ಒಂದೇ ಒಂದು ಉತ್ತರ ಕೊಟ್ಟು ‘ಶುರು’ವಿಗೆ ಮರಳುತ್ತದೆ. ಸುಲಭ ದಾರಿ ಹಿಡಿದ ಕೋಡ್‌ನಲ್ಲಿ ಈ ಸ್ಥಿತಿ ಇರುವುದಿಲ್ಲ. ಅಲ್ಲಿ ಬಫರ್ ತುಂಬಿದರೆ ಸಾಲು ಅಲ್ಲಿಗೇ ಕತ್ತರಿಸಿಹೋಗುತ್ತದೆ, ಉಳಿದ ಬಾಲ ಹೊಸ ಆಜ್ಞೆಯ ತಲೆಯಾಗುತ್ತದೆ. 1000 ಎಂಬ ವೇಗ 10 ಎಂದು ಕತ್ತರಿಸಿಹೋಗಿ ನಡೆದುಬಿಡುತ್ತದೆ, ಹಿಂದೆ ಉಳಿದ ಎರಡು ಸೊನ್ನೆ ಮುಂದಿನ ಸಾಲಿಗೆ ಅಂಟುತ್ತವೆ. ಅರ್ಧ ಆಜ್ಞೆಯನ್ನು ನಡೆಸುವುದಕ್ಕಿಂತ ಏನನ್ನೂ ನಡೆಸದಿರುವುದು ಮೇಲು ಎಂಬ ತೀರ್ಮಾನವನ್ನು ಯಾರಾದರೂ ಕೂತು ಮಾಡಬೇಕು. ಸ್ಟೇಟ್ ಮಷೀನ್ ಬರೆಯುವವರು ಅದನ್ನು ಮಾಡದೆ ಮುಂದೆ ಹೋಗಲಾರರು. ಪ್ರತಿ ಸ್ಥಿತಿಯೂ ‘ನನಗೆ ಬೇಡದ ಬೈಟು ಬಂದರೆ?’ ಎಂದು ಕೇಳುತ್ತದೆ. ಮರೆತರೂ ಕಂಪೈಲರ್ ನೆನಪಿಸುತ್ತದೆ: ಸ್ಥಿತಿಯ ಸ್ವಿಚ್‌ನಲ್ಲಿ ಡಿಫಾಲ್ಟ್ ಹಾಕದೆ ಎನಮ್‌ನ ಒಂದು ಹೆಸರು ಬಿಟ್ಟರೆ ಎಲ್ಲ ಎಚ್ಚರಿಕೆಗಳನ್ನು ತೆರೆದಿಟ್ಟ ಜಿಸಿಸಿ ಅದನ್ನು ಬೆರಳಿಟ್ಟು ತೋರಿಸುತ್ತದೆ.

ಇದು ಪುಸ್ತಕದ ಬದನೆಕಾಯಿ ಅಲ್ಲ. ಆರ್ಡುಯಿನೋ ಮೇಲೆ ಸಿಎನ್‌ಸಿ ಯಂತ್ರ ನಡೆಸುವ ಗರ್ಬಲ್ ಎಂಬ ಮುಕ್ತ ತಂತ್ರಾಂಶವನ್ನು ನೋಡಿ. 2009ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರುಮಾಡಿದ್ದು. ಚಿಪ್‌ನಲ್ಲಿ ಇರುವುದು 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟು ಬರುತ್ತದೆ. 16 ಮೆಗಾಹರ್ಟ್ಸ್ ಚಿಪ್‌ಗೆ ಅದು ಸುಮಾರು 1,400 ಕ್ಲಾಕ್ ಸೈಕಲ್, ಅದರೊಳಗೇ ಮೋಟರ್‌ಗಳ ಹೆಜ್ಜೆಗಳನ್ನೂ ಇಡಬೇಕು. ಗರ್ಬಲ್‌ನ ಪಾರ್ಸರ್ ಪೂರ್ತಿ ಕೈಬರಹ. ಒಳಬರುವ ಅಕ್ಷರಗಳಲ್ಲಿ ಖಾಲಿ ಜಾಗ ಬಿಡುವುದು, ಆವರಣದೊಳಗಿನ ಟಿಪ್ಪಣಿ ದಾಟುವುದು, ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವುದು ಎಲ್ಲ ಅಕ್ಷರ ಬಂದಂತೆ ನಡೆಯುತ್ತದೆ. ಸಾಲು ಉದ್ದವಾದರೆ ಅದನ್ನು ನಡೆಸುವುದಿಲ್ಲ, ತಪ್ಪು ಎಂದು ಹೇಳುತ್ತದೆ. ಇನ್ನೂ ಮುಖ್ಯವಾದದ್ದು: ಯಂತ್ರವನ್ನು ತಡೆಯುವ ಉದ್ಗಾರ ಚಿಹ್ನೆ, ಮತ್ತೆ ನಡೆಸುವ ಅಲೆಗುರುತು, ಸ್ಥಿತಿ ಕೇಳುವ ಪ್ರಶ್ನಾರ್ಥಕ ಇವು ಸರದಿಯಲ್ಲಿ ನಿಲ್ಲುವುದೇ ಇಲ್ಲ. ಇಂಟರಪ್ಟ್‌ನಲ್ಲೇ ಆ ಬೈಟುಗಳನ್ನು ಹೆಕ್ಕಿ ತೆಗೆಯಲಾಗುತ್ತದೆ. ತಿರುಗುವ ಕಟ್ಟರ್ ಮುಂದೆ ಕೈಯಿಟ್ಟವರಿಗೆ ಪೂರ್ತಿ ಸಾಲು ಬರಲಿ ಎಂದು ಕಾಯುವ ಪಾರ್ಸರ್ ಬೇಕಾಗಿಲ್ಲ.

ಸಣ್ಣ ಚಿಪ್‌ಗೆ ಮಾತ್ರ ಇದು ಸರಿ ಎಂದು ಹೇಳುವವರಿದ್ದಾರೆ. ರೆಡಿಸ್ ಸಣ್ಣ ಚಿಪ್‌ನಲ್ಲಿ ಓಡುವುದಿಲ್ಲ. ಸಾಲ್ವತೋರೆ ಸಾನ್‌ಫಿಲಿಪ್ಪೊ ಬರೆದ ಆ ಡೇಟಾಬೇಸ್ ಕೂಡ ಜಾಲದಿಂದ ಬರುವ ಆಜ್ಞೆಗಳನ್ನು ಕೈಬರಹದ ಸಿ ಕೋಡ್‌ನಿಂದಲೇ ಓದುತ್ತದೆ. ಇನ್ನೆಷ್ಟು ತುಂಡು ಬರಬೇಕು, ಈಗಿನ ತುಂಡು ಎಷ್ಟುದ್ದ ಎಂಬುದನ್ನು ಪ್ರತಿ ಗ್ರಾಹಕನ ಸ್ಟ್ರಕ್ಟ್‌ನಲ್ಲಿ ಇಟ್ಟುಕೊಂಡು, ಅರ್ಧ ಬಂದಿದ್ದರೆ ಅಲ್ಲೇ ಬಿಟ್ಟು ಇನ್ನೊಬ್ಬರ ಕೆಲಸಕ್ಕೆ ಹೋಗುತ್ತದೆ. ಇಗೋರ್ ಸಿಸೊಯೆವ್ ಅವರ ಎಂಜಿನ್‌ಎಕ್ಸ್ ಎಚ್‌ಟಿಟಿಪಿ ಕೋರಿಕೆಯನ್ನು ಓದುವುದೂ ದೊಡ್ಡ ಸ್ವಿಚ್‌ನಿಂದಲೇ.

‘ಕೈಯಿಂದ ಬರೆದರೆ ತಪ್ಪು ನುಸುಳುತ್ತದೆ’ ಎಂಬುದು ಎದುರಿನವರ ಗಟ್ಟಿ ಬಾಣ. ಜನರೇಟರ್ ಬಳಸಿದರೆ ನುಸುಳುವುದಿಲ್ಲವೇ? 2017ರ ಫೆಬ್ರವರಿಯಲ್ಲಿ ಗೂಗಲ್‌ನ ಟಾವಿಸ್ ಆರ್ಮಂಡಿ ಕ್ಲೌಡ್‌ಫ್ಲೇರ್ ಸರ್ವರ್‌ಗಳಿಂದ ಬೇರೆಯವರ ಕುಕಿಗಳು, ಗುಟ್ಟಿನ ಟೋಕನ್‌ಗಳು ಪುಟಗಳ ಜೊತೆ ಸೋರುತ್ತಿರುವುದನ್ನು ಕಂಡರು. ಮೂಲ ಒಂದು ಎಚ್‌ಟಿಎಂಎಲ್ ಪಾರ್ಸರ್. ರಾಗೆಲ್ ಎಂಬ ಜನರೇಟರ್ ಹೆಣೆದ ಸ್ಟೇಟ್ ಮಷೀನ್ ಅದು. ಬಫರ್ ಮುಗಿಯಿತೇ ಎಂದು ತಿಳಿಯಲು ‘ಸಮವೇ’ ಎಂದು ಮಾತ್ರ ನೋಡುತ್ತಿತ್ತು, ‘ಸಮ ಅಥವಾ ಹೆಚ್ಚೇ’ ಎಂದು ನೋಡುತ್ತಿರಲಿಲ್ಲ. ಪಾಯಿಂಟರ್ ಒಮ್ಮೆ ಕೊನೆಯನ್ನು ಹಾರಿಬಿಟ್ಟರೆ ಮತ್ತೆ ನಿಲ್ಲುವಂತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ರಾಗೆಲ್‌ದಲ್ಲ, ಅದಕ್ಕೆ ಕೊಟ್ಟ ವಿವರಣೆಯದು. ಕಂಪನಿಯೂ ಹಾಗೆಯೇ ಒಪ್ಪಿಕೊಂಡಿತು. ಆದರೆ ಆ ಹೋಲಿಕೆ ಇದ್ದದ್ದು ಯಂತ್ರ ಹೆಣೆದ ಸಿ ಕೋಡ್‌ನಲ್ಲಿ. ಅಂಥ ಕೋಡನ್ನು ಯಾರೂ ಸಾಲು ಸಾಲಾಗಿ ಓದುವುದಿಲ್ಲ, ಓದಬೇಕಾಗಿಲ್ಲ ಎಂಬುದೇ ಅದರ ಆಕರ್ಷಣೆ. ದೋಷ ವರ್ಷಗಟ್ಟಲೆ ಒಳಗೇ ಮಲಗಿತ್ತು.

ರೆಜೆಕ್ಸ್ ಕಥೆ ಬೇಗ ಹೇಳಬಹುದು. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಬಿದ್ದದ್ದು ಖಾಲಿ ಜಾಗ ಕತ್ತರಿಸುವ ಒಂದು ರೆಜೆಕ್ಸ್‌ನಿಂದ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ 27 ನಿಮಿಷ ಕುಸಿದದ್ದೂ ರೆಜೆಕ್ಸ್‌ನಿಂದಲೇ. ಎರಡೂ ಕಡೆ ಎಂಜಿನ್ ಹಿಂದೆ ಮುಂದೆ ಅಲೆಯುತ್ತ ಪ್ರೊಸೆಸರನ್ನು ತಿಂದುಹಾಕಿತು. ಹಿಂದಕ್ಕೆ ಬಾರದೆ ಓದುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲೇ ಪ್ರಕಟಿಸಿದ್ದರು ಎಂಬುದು ಈ ಕಥೆಯ ನೋವಿನ ಭಾಗ. ಕೈಬರಹದ ಸ್ಟೇಟ್ ಮಷೀನ್‌ನಲ್ಲಿ ಒಂದು ಬೈಟಿಗೆ ಒಂದೇ ಹೆಜ್ಜೆ. ಎಷ್ಟು ಕೆಟ್ಟ ಇನ್‌ಪುಟ್ ಬಂದರೂ ಹೆಜ್ಜೆ ಎರಡಾಗುವುದಿಲ್ಲ.

ಪರೀಕ್ಷೆಯ ವಿಷಯದಲ್ಲಂತೂ ಎದುರಿನವರ ವಾದಕ್ಕೆ ನೆಲವೇ ಇಲ್ಲ. ಏಳು ಸ್ಥಿತಿ, 256 ಬೈಟು. ಒಟ್ಟು 1,792 ಜೋಡಿ. ಪ್ರತಿಯೊಂದನ್ನೂ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಮುಂದಿನ ಸ್ಥಿತಿ ಇದೇ ಆಗಬೇಕು ಎಂದು ನೋಡಲು ಒಂದು ಸೆಕೆಂಡೂ ಬೇಡ. ಕೂಡಿಟ್ಟ ಸಂಖ್ಯೆ ಮತ್ತು ಬಫರಿನ ಅಂಚುಗಳನ್ನು ಬೇರೆಯಾಗಿ ಪರೀಕ್ಷಿಸಬೇಕು, ನಿಜ; ಅವೂ ಬೆರಳೆಣಿಕೆಯವು. ಇಷ್ಟು ಪೂರ್ತಿಯಾಗಿ ಪರೀಕ್ಷೆ ಮಾಡಬಹುದಾದ ಕೋಡ್ ಒಂದು ಪ್ರಾಜೆಕ್ಟಿನಲ್ಲಿ ಇನ್ನೆಷ್ಟು ಇರುತ್ತದೆ?

ಕಂಪೈಲರ್ ಬರೆಯುವವರೇ ತಮಗಾಗಿ ಹುಟ್ಟಿದ ಸಾಧನವನ್ನು ಬಿಟ್ಟು ಹೊರಟದ್ದನ್ನು ಉಪದೇಶಕರು ಗಮನಿಸಿದಂತಿಲ್ಲ. ಜಿಸಿಸಿ 2004ರಲ್ಲಿ ಸಿ++ ಪಾರ್ಸರನ್ನು, 2006ರಲ್ಲಿ ಸಿ ಪಾರ್ಸರನ್ನು ಯಾಕ್ ಬಗೆಯದೇ ಆದ ಬೈಸನ್ ಜನರೇಟರ್‌ನಿಂದ ಬಿಡಿಸಿ ಕೈಬರಹಕ್ಕೆ ತಂದಿತು. ಕ್ಲ್ಯಾಂಗ್ ಕಂಪೈಲರ್‌ನ ಪಾರ್ಸರೂ ಕೈಬರಹದ್ದೇ. ಗೋ ಭಾಷೆಯ ಕಂಪೈಲರ್ 2016ರ 1.6 ಆವೃತ್ತಿಯಲ್ಲಿ ಯಾಕ್ ಬಿಟ್ಟಿತು. ಅವು ರಿಕರ್ಸಿವ್ ಡಿಸೆಂಟ್ ಪಾರ್ಸರ್‌ಗಳು, ಸ್ವಿಚ್ ಮಾದರಿಯ ಸ್ಟೇಟ್ ಮಷೀನ್‌ಗಳಲ್ಲ. ಆ ವ್ಯತ್ಯಾಸ ನನಗೆ ಗೊತ್ತು. ಬಿಟ್ಟದ್ದರ ಹಿಂದಿನ ಆಸೆ ಮಾತ್ರ ಒಂದೇ: ತಪ್ಪು ಬಂದಾಗ ಏನಾಗಬೇಕು ಎಂಬುದು ತಮ್ಮ ಕೈಯಲ್ಲಿರಬೇಕು.

ಎದುರು ಪಕ್ಷಕ್ಕೆ ನಿಜವಾದ ಬಲ ಕೊಡುವ ಉದಾಹರಣೆ ನೋಡ್ ಜೆಎಸ್‌ನದು. ಅದರ ಹಳೆಯ ಎಚ್‌ಟಿಟಿಪಿ ಪಾರ್ಸರ್ ಎಂಜಿನ್‌ಎಕ್ಸ್‌ನದನ್ನು ಆಧರಿಸಿದ ಕೈಬರಹದ ಸಿ ಸ್ಟೇಟ್ ಮಷೀನ್. ಅದು ಬೆಳೆದು ಬೆಳೆದು ತಿದ್ದಲು ಭಯಪಡುವಷ್ಟು ಸಿಕ್ಕಾಯಿತು. 2019ರಲ್ಲಿ ಟೈಪ್‌ಸ್ಕ್ರಿಪ್ಟ್ ವಿವರಣೆಯಿಂದ ಸಿ ಕೋಡ್ ಹೆಣೆಸುವ ಎಲ್‌ಎಲ್‌ಎಚ್‌ಟಿಟಿಪಿ ಅದರ ಜಾಗಕ್ಕೆ ಬಂತು. ನಾನು ಇದನ್ನು ಒಪ್ಪುತ್ತೇನೆ. ಎಚ್‌ಟಿಟಿಪಿಯಷ್ಟು ಮೂಲೆಗಳಿರುವ ನಿಯಮಾವಳಿಗೆ ಆ ನಿರ್ಧಾರ ಸರಿ. ಎಸ್‌ಕ್ಯೂಎಲ್‌ನಂತೆ ಒಂದರೊಳಗೊಂದು ಆವರಣ ತೂರುವ ಭಾಷೆಗೆ ಸ್ಥಿತಿಗಳಷ್ಟೇ ಸಾಲವು, ಸ್ಟ್ಯಾಕ್ ಬೇಕು. ಎಸ್‌ಕ್ಯೂಲೈಟ್ ಅದಕ್ಕೆಂದೇ ಲೆಮನ್ ಜನರೇಟರ್ ಬಳಸುತ್ತದೆ, ಪದ ಬಿಡಿಸುವ ಭಾಗವನ್ನು ಮಾತ್ರ ಕೈಯಿಂದ ಬರೆದಿದೆ. ಆದರೆ ನೋಡ್‌ಗೆ ಬಂದ ಕಷ್ಟವನ್ನು ತೋರಿಸಿ, ಏಳು ಸ್ಥಿತಿಯ ಮೋಟರ್ ಪಾರ್ಸರ್ ಬರೆದ ಹುಡುಗಿಯ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಅಲ್ಲಿ ಕೈಬರಹದ ಜಾಗಕ್ಕೆ ಬಂದದ್ದು ಇನ್ನೂ ಕಟ್ಟುನಿಟ್ಟಾದ ಸ್ಟೇಟ್ ಮಷೀನ್. ಇಲ್ಲಿ ಬರುತ್ತಿರುವುದು ಸ್ಟ್ರ್‌ಟಾಕ್.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಈ ಶಾಸ್ತ್ರಕ್ಕೆ ನೀರೆರೆದಿವೆ. ಆಟೋಮಟಾ ಸಿದ್ಧಾಂತದ ಪರೀಕ್ಷೆಗೆ ಮಕ್ಕಳು ಸೊನ್ನೆ-ಒಂದರಲ್ಲಿ ಕೊನೆಯಾಗುವ ಸ್ಟ್ರಿಂಗ್‌ಗಳಿಗೆ ಡಿಎಫ್‌ಎ ಬಿಡಿಸಿ ಅಂಕ ತೆಗೆಯುತ್ತಾರೆ. ಕಂಪೈಲರ್ ಲ್ಯಾಬ್‌ನಲ್ಲಿ ಲೆಕ್ಸ್, ಯಾಕ್ ಹಾಕಿ ಕ್ಯಾಲ್ಕ್ಯುಲೇಟರ್ ಮಾಡುತ್ತಾರೆ. ಎರಡರ ನಡುವೆ, ಆ ವೃತ್ತ ಮತ್ತು ಬಾಣಗಳನ್ನು ತಾವೇ ಸಿಯಲ್ಲಿ ಬರೆದು ನಿಜವಾದ ಸರಣಿ ತಂತಿಗೆ ಕಟ್ಟುವ ಒಂದು ಪ್ರಯೋಗ ಇರುವುದು ಅಪರೂಪ. ಮೀಲಿ 1955ರಲ್ಲಿ, ಮೂರ್ 1956ರಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿ ಬಂದವರು ಕೆಲಸಕ್ಕೆ ಸೇರಿ, ಸ್ಟೇಟ್ ಮಷೀನ್ ಎಂದರೆ ಪರೀಕ್ಷೆಯ ಪ್ರಶ್ನೆ ಎಂದುಕೊಂಡಿರುತ್ತಾರೆ. ಹತ್ತು ವರ್ಷದ ನಂತರ ರಿವ್ಯೂ ಮಾಡುವ ಹಿರಿಯರೂ ಅವರೇ.

ಆ ಕ್ಯಾಲ್ಕ್ಯುಲೇಟರ್ ಪ್ರಯೋಗವನ್ನು ತೆಗೆದು ಅದರ ಜಾಗಕ್ಕೆ ಹೇಯ್ಸ್ ಆಜ್ಞೆಗಳ ಪಾರ್ಸರ್ ಹಾಕಿ. ಮ್ಯಾಲಕ್ ಬೇಡ, ಸಿ ಲೈಬ್ರರಿಯ ಸ್ಟ್ರಿಂಗ್ ಫಂಕ್ಷನ್‌ಗಳು ಬೇಡ, ಒಂದು ಸಲಕ್ಕೆ ಒಂದೇ ಬೈಟು. ಅಂಕ ಕೊಡುವ ರೀತಿಯೂ ಸರಳ: ಒಂದೇ ಇನ್‌ಪುಟ್ಟನ್ನು ಸಾಧ್ಯವಿರುವ ಪ್ರತಿ ಜಾಗದಲ್ಲೂ ಎರಡು ತುಂಡು ಮಾಡಿ ಕಳಿಸಬೇಕು, ಎಲ್ಲಿ ತುಂಡಾದರೂ ಉತ್ತರ ಒಂದೇ ಬರಬೇಕು. ಆಮೇಲೆ ಸಾಲಿನ ನಡುವೆ ಒಂದು ಕಸದ ಬೈಟು ತೂರಿಸಬೇಕು. ಆ ಸಾಲು ತಿರಸ್ಕಾರವಾಗಿ, ಅದರ ಮುಂದಿನ ಸಾಲು ಸರಿಯಾಗಿ ನಡೆಯಬೇಕು. ಕಚೇರಿಗಳ ಹಿರಿಯರಿಗೂ ಇದೇ ಕೋರಿಕೆ. ‘ಲೈಬ್ರರಿ ಇಲ್ವಾ?’ ಎಂದು ಕೇಳುವ ಮೊದಲು ತಮ್ಮ ಲೈಬ್ರರಿಯನ್ನು ಈ ಎರಡು ಪರೀಕ್ಷೆಗೆ ಒಡ್ಡಲಿ, ಹುಡುಗಿಯ ಇನ್ನೂರು ಸಾಲನ್ನೂ ಒಡ್ಡಲಿ, ಫಲಿತಾಂಶವನ್ನು ರಿವ್ಯೂನ ಅದೇ ಪುಟದಲ್ಲಿ ಬರೆಯಲಿ.